ರಿಮೋಟ್ ಸಂಕೇತಗಳ ಹೊಂದಾಣಿಕೆ: ವರ್ತಕರೂ ಸಣ್ಣ ತಯಾರಕರೂ ಅರಿಯಬೇಕಾದುದು

ಮನೆಯ ಸೆಟ್‌ಟಾಪ್ ಬಾಕ್ಸ್‌ನಲ್ಲಿ ಬರುವ ಕಾರ್ಯಕ್ರಮವನ್ನು ಅಂತರ್ಜಾಲದ ಮೂಲಕ ದೂರದ ಊರಿಗೆ ರವಾನಿಸುವ ಉಪಕರಣಗಳ ಪೈಕಿ ಹೆಸರಾದುದು ಅಮೆರಿಕದ ಸ್ಲಿಂಗ್ ಮೀಡಿಯಾ ಸಂಸ್ಥೆಯು 2005ರಲ್ಲಿ ಮಾರುಕಟ್ಟೆಗೆ ತಂದ ಸ್ಲಿಂಗ್‌ಬಾಕ್ಸ್. ಊರಿನ ಮನೆಯಲ್ಲಿ ಇದನ್ನು ಇರಿಸಿ, ಪರದೇಶದಲ್ಲಿ ಕುಳಿತು ನಮ್ಮ ವಾಹಿನಿಗಳನ್ನು ವೀಕ್ಷಿಸಿದ ಅನಿವಾಸಿ ಭಾರತೀಯರೂ ಉಂಟು. ಸೆಟ್‌ಟಾಪ್ ಬಾಕ್ಸ್‌ನ ಚಾನೆಲ್ ಬದಲಿಸಲು ಈ ಉಪಕರಣವು ತಂತಿಯ ತುದಿಯ ಪುಟ್ಟ ಅವಕೆಂಪು ದೀಪದ ಮೂಲಕ ಆ ಬಾಕ್ಸ್‌ನ ರಿಮೋಟ್‌ನಂತೆಯೇ ಸಂಕೇತಗಳನ್ನು ಕಳುಹಿಸುತ್ತಿತ್ತು. ಆದುದರಿಂದ ಬಾಕ್ಸ್‌ನ ಸಂಕೇತಗಳು ಅದಕ್ಕೆ ತಿಳಿದಿರಲೇಬೇಕಿತ್ತು. ಪಟ್ಟಿಯಲ್ಲಿದ್ದ ಮಾದರಿಗಳಿಗೆ ತೊಂದರೆಯಿಲ್ಲ; ಪಟ್ಟಿಯಲ್ಲಿಲ್ಲದ ಮಾದರಿಗೆ ಪ್ರತ್ಯೇಕ ಸಂಕೇತ ಕಡತವನ್ನು ಸಿದ್ಧಪಡಿಸಿ ಅಳವಡಿಸಬೇಕಾಗಿತ್ತು. ಇಂದಿಗೂ ರಾಸ್ಪ್‌ಬೆರಿ ಪೈ ಆಧಾರಿತ ಪೆಟ್ಟಿಗೆ, ಸಾರ್ವತ್ರಿಕ ರಿಮೋಟ್ ಮೊದಲಾದವುಗಳಲ್ಲಿ ಇದೇ ಕೆಲಸವನ್ನು ಮಾಡಬೇಕಾಗುತ್ತದೆ.

ಸಂಕೇತವೆಂದರೆ ಏನು? ಬಹುಬಳಕೆಯ ಎನ್‌ಇಸಿ ಪದ್ಧತಿಯಲ್ಲಿ 38 ಕಿಲೋಹರ್ಟ್ಸ್ ವೇಗದಲ್ಲಿ ಮಿನುಗುವ ಬೆಳಕು ಮೊದಲು 9 ಮಿಲಿಸೆಕೆಂಡ್ ಉರಿದು, 4.5 ಮಿಲಿಸೆಕೆಂಡ್ ಆರಿ, ಬಳಿಕ 32 ಬಿಟ್‌ಗಳನ್ನು ಕಳುಹಿಸುತ್ತದೆ. ಮೊದಲ 8 ಬಿಟ್ ಉಪಕರಣದ ವಿಳಾಸ, ನಂತರ ಅದರ ವಿಲೋಮ. ಮುಂದಿನ 8 ಗುಂಡಿಯ ಆಜ್ಞೆ, ಕೊನೆಗೆ ಅದರ ವಿಲೋಮ. ನಾವು ಜಮೆ-ಖರ್ಚುಗಳನ್ನು ತಾಳೆ ನೋಡುವಂತೆ ಬಾಕ್ಸ್ ಕೂಡ ಇವೆರಡನ್ನೂ ತಾಳೆ ನೋಡಿ, ಹೊಂದದಿದ್ದರೆ ಆಜ್ಞೆಯನ್ನು ತಿರಸ್ಕರಿಸುತ್ತದೆ.

ಮೂಲ ರಿಮೋಟ್‌ನಿಂದ ಸಂಕೇತಗಳನ್ನು ಗ್ರಹಿಸುವಾಗ ಹೊಸ ಸೆಲ್ ಹಾಕಿ, ಬಿಸಿಲು ಬೀಳದ ಸ್ಥಳದಲ್ಲಿ ಪ್ರತಿ ಗುಂಡಿಯನ್ನು ಕ್ಷಣಕಾಲ ಮಾತ್ರ ಒತ್ತಬೇಕು. ಒತ್ತಿ ಹಿಡಿದಲ್ಲಿ ಎನ್‌ಇಸಿ ರಿಮೋಟ್ ಬರಿಯ 'ಪುನರಾವರ್ತನೆ' ಸಂಕೇತವನ್ನು ಕಳುಹಿಸತೊಡಗುತ್ತದೆ. ಅದರಲ್ಲಿ ಗುಂಡಿಯ ಮಾಹಿತಿಯೇ ಇರುವುದಿಲ್ಲ. ಪ್ರತಿ ಗುಂಡಿಯನ್ನು ಎರಡು ಬಾರಿ ಗ್ರಹಿಸಿ ಹೋಲಿಸುವುದು ಕ್ಷೇಮಕರ. ಫಿಲಿಪ್ಸ್‌ನ ಆರ್‌ಸಿ-5 ಪದ್ಧತಿಯಲ್ಲಿ ಮಾತ್ರ ಎರಡು ಪ್ರತಿಗಳು ಭಿನ್ನವಾಗಿ ಕಾಣುವುದು ಸಹಜ. ಅಲ್ಲಿ ಗುಂಡಿ ಒತ್ತಿದಂತೆಲ್ಲ ಒಂದು ಬಿಟ್ ಬದಲಾಗುತ್ತದೆ. ಒಂದೇ ಪ್ರತಿಯನ್ನು ಎರಡು ಬಾರಿ ಕಳುಹಿಸಿದರೆ ಬಾಕ್ಸ್ ಅದನ್ನು ಒಂದೇ ಒತ್ತುವಿಕೆಯೆಂದು ಭಾವಿಸುವುದರಿಂದ 11ನೆಯ ಚಾನೆಲ್ ಕೇಳಿದವರಿಗೆ 1ನೆಯದು ಬರುತ್ತದೆ! ಗ್ರಾಹಕರು ಇದನ್ನು ಬಾಕ್ಸ್‌ನ ದೋಷವೆಂದೇ ತಿಳಿದು ಅಂಗಡಿಗೆ ಹಿಂತಿರುಗಿಸುತ್ತಾರೆ.

ವರ್ತಕರಿಗೆ ಇದರಿಂದೇನು ಎಂದು ಕೇಳಬಹುದು. ಸ್ಲಿಂಗ್‌ಬಾಕ್ಸ್‌ನ ಉತ್ತರಾರ್ಧವನ್ನು ಗಮನಿಸಿ. ಉತ್ಪನ್ನವನ್ನು ಕೈಬಿಟ್ಟಿರುವುದಾಗಿಯೂ ಎರಡು ವರ್ಷಗಳ ನಂತರ ಸರ್ವರ್‌ಗಳನ್ನು ಮುಚ್ಚುವುದಾಗಿಯೂ ಸಂಸ್ಥೆಯು 2020ರ ನವೆಂಬರ್‌ನಲ್ಲಿ ಪ್ರಕಟಿಸಿತು. 2022ರ ನವೆಂಬರ್ 9ರಂದು ಅಂತೆಯೇ ಮಾಡಿತು. ಯಂತ್ರ ಕೆಟ್ಟಿರಲಿಲ್ಲ, ಆದರೂ ಬಹುತೇಕ ಪೆಟ್ಟಿಗೆಗಳು ನಿರುಪಯುಕ್ತವಾದವು. ಪೆಟ್ಟಿಗೆಯ ಪಾಸ್‌ವರ್ಡನ್ನು ಮೊದಲೇ ಬರೆದಿಟ್ಟುಕೊಂಡಿದ್ದ ಕೆಲವರು 'ಸ್ಲಿಂಗರ್' ಎಂಬ ಮುಕ್ತ ತಂತ್ರಾಂಶದ ಮೂಲಕ ಬಳಕೆಯನ್ನು ಮುಂದುವರಿಸಿದರು. ತಮ್ಮ ಬಳಿ ದಾಖಲೆಯಿದ್ದವರಿಗಷ್ಟೇ ಆ ದಾರಿ ತೆರೆದಿತ್ತು.

ಇಂತಹ ಪ್ರಕಟಣೆ ಹೊರಬಿದ್ದಾಗ ಉಳಿದಿರುವ ದಾಸ್ತಾನನ್ನು ಖರೀದಿ ಬೆಲೆಯಲ್ಲಿಯೇ ಆಢಾವೆ ಪತ್ರಿಕೆಯಲ್ಲಿ ತೋರಿಸುವುದು ಸರಿಯಲ್ಲ. ಲೆಕ್ಕಪತ್ರ ಮಾನದಂಡ 2ರಂತೆ ಕ್ರಯ ಅಥವಾ ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದನ್ನು ಹಿಡಿಯಬೇಕು. ಸರಕನ್ನು ಪೂರ್ಣವಾಗಿ ವಜಾ ಮಾಡಿದಲ್ಲಿ ಕೇಂದ್ರ ಜಿ.ಎಸ್.ಟಿ. ಕಾಯಿದೆಯ ಕಲಂ 17(5)(ಎಚ್) ಅನ್ವಯ ಇನ್‌ಪುಟ್ ತೆರಿಗೆ ಜಮೆಯನ್ನು ಹಿಂತಿರುಗಿಸಬೇಕಾಗುತ್ತದೆ. ಕೇವಲ ಮೌಲ್ಯವನ್ನು ಇಳಿಸಿ, ಸಿಕ್ಕ ಬೆಲೆಗೆ ಮಾರಿದರೆ ಆ ಪ್ರಶ್ನೆ ಏಳುವುದಿಲ್ಲ. ರಿಮೋಟ್ ಹೊಂದದೆ ಬರುವ ವಾರಂಟಿ ದಾವೆಗಳಿಗೆ ಮಾನದಂಡ 29ರ ಪ್ರಕಾರ ಮುಂಗಡ ಏರ್ಪಾಡು ಅಗತ್ಯ. ನಮ್ಮಲ್ಲಿ ಅನೇಕರು ಇದನ್ನು ವರ್ಷಾಂತ್ಯದವರೆಗೆ ಯೋಚಿಸುವುದೇ ಇಲ್ಲ.

ಸ್ವಂತ ಹೆಸರಿನಲ್ಲಿ ಇಂತಹ ಪೆಟ್ಟಿಗೆಗಳನ್ನು ಜೋಡಿಸುವ ಸಣ್ಣ ತಯಾರಕರು ರಿಮೋಟ್ ಖರೀದಿ ಆದೇಶದಲ್ಲಿ ಬಣ್ಣ, ಆಕಾರ, ದರಗಳನ್ನಷ್ಟೇ ಬರೆದು ಸುಮ್ಮನಾಗಬಾರದು. ಪದ್ಧತಿಯ ಹೆಸರು, ವಿಳಾಸ, ಪ್ರತಿ ಗುಂಡಿಯ ಆಜ್ಞೆ ಇವುಗಳ ಪಟ್ಟಿಯನ್ನು ಆದೇಶದ ಭಾಗವಾಗಿಯೇ ಲಗತ್ತಿಸಿ, ಉಭಯ ಪಕ್ಷದವರ ಸಹಿ ಪಡೆಯಬೇಕು. ಬೇರೆಯವರೂ ಬಳಸುವ ವಿಳಾಸವನ್ನು ಸರಬರಾಜುದಾರರು ಕೊಟ್ಟಲ್ಲಿ, ಒಂದೇ ಕೋಣೆಯ ಎರಡು ಉಪಕರಣಗಳು ಒಂದೇ ರಿಮೋಟ್‌ಗೆ ಓಗೊಡುವ ಫಜೀತಿ ಉಂಟಾಗುತ್ತದೆ. ಮಾದರಿ ರಿಮೋಟ್ ಒಂದನ್ನು ಮೊಹರು ಮಾಡಿ ಕಚೇರಿಯಲ್ಲಿ ಇರಿಸಿಕೊಳ್ಳುವುದೂ ಒಳ್ಳೆಯದು. ಮುಂದೆ ಸರಬರಾಜುದಾರರನ್ನು ಬದಲಿಸಬೇಕಾದ ಸಂದರ್ಭ ಬಂದರೆ ಹೊಸಬರಿಗೆ ಆ ಪಟ್ಟಿಯನ್ನೂ ಮಾದರಿಯನ್ನೂ ಕೊಟ್ಟರೆ ಸಾಕಾಗುತ್ತದೆ.