ಶಾಲೆಯ ಕೈತೋಟ: ಎರೆಸೀಮೆಯ ಉಪಾಧ್ಯಾಯರಿಗೆ ಕೆಲವು ಸೂಚನೆಗಳು

ಪ್ರಾಥಮಿಕ ಶಾಲೆಗಳಲ್ಲಿ ಕೈತೋಟವನ್ನು ಹಾಕಬೇಕೆಂಬುದು ಹೊಸ ವಿಚಾರವಲ್ಲ. 1937ರಲ್ಲಿ ವಾರ್ಧಾದಲ್ಲಿ ಕೂಡಿದ ಶಿಕ್ಷಣ ಪರಿಷತ್ತು ಕೈಕೆಲಸದ ಮೂಲಕ ವಿದ್ಯೆಯೆಂಬ ತತ್ತ್ವವನ್ನು ದೇಶದ ಮುಂದಿಟ್ಟಿತು. 2019ರಲ್ಲಿ ಕೇಂದ್ರ ಸರಕಾರವು ಶಾಲೆಗಳ ಪೌಷ್ಟಿಕ ತೋಟಗಳನ್ನು ಕುರಿತು ಮಾರ್ಗಸೂಚಿಗಳನ್ನು ಹೊರಡಿಸಿತು. ಹೀಗಿದ್ದರೂ ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಭೂಮಿಯಲ್ಲಿ ಜೂನ್ ತಿಂಗಳಲ್ಲಿ ಉತ್ಸಾಹದಿಂದ ಹಾಕಿದ ತೋಟಗಳು ದಸರೆಯ ಹೊತ್ತಿಗೆ ಹಾಳುಬೀಳುವುದುಂಟು. ಇದಕ್ಕೆ ಉಪಾಧ್ಯಾಯರ ಆಲಸ್ಯವೇ ಕಾರಣವೆಂದು ಹೇಳುವುದು ನ್ಯಾಯವಲ್ಲ. ಎಲ್ಲ ತಾಲೂಕುಗಳಲ್ಲಿಯೂ ಒಂದೇ ದಿನ ಸಸಿ ನೆಡಬೇಕೆಂಬ ಕ್ರಮವು ಕಲಘಟಗಿಗೆ ಒಗ್ಗೀತು, ನವಲಗುಂದಕ್ಕೆ ಒಗ್ಗದು.

ಈ ಲೇಖಕನೂ ಆ ತಪ್ಪನ್ನು ಮಾಡಿದವನೇ. ಕೆಲವು ವರ್ಷಗಳ ಹಿಂದೆ ಎರೆಸೀಮೆಯ ಒಂದು ಹಳ್ಳಿಯ ಶಾಲೆಯಲ್ಲಿ ಮೃಗಶಿರಾ ಮಳೆಗೆ ಸಪಾಟು ಮಡಿಗಳನ್ನು ಮಾಡಿಸಿ ಮೆಂತ್ಯ, ಕೊತ್ತಂಬರಿಗಳನ್ನು ಹಾಕಿಸಿದೆನು. ಮೂರು ದಿನ ಮಳೆ ಹಿಡಿದು ಮಡಿಗಳಲ್ಲಿ ನೀರು ನಿಂತು ಬೀಜವು ಕೊಳೆಯಿತು. ಆಮೇಲೆ ಮಳೆ ಹೋಗಿ ನೆಲವು ಬೆರಳು ಹೋಗುವಷ್ಟು ಬಿರಿಯಿತು. ಒಬ್ಬ ಹುಡುಗಿ ಮಾತ್ರ ತನ್ನ ಮಡಿಯನ್ನು ಬಿಡಲೊಲ್ಲದೆ, ಮನೆಯವರು ಕೆರೆಯಿಂದ ಹೊತ್ತು ತಂದ ನೀರನ್ನು ತಂಬಿಗೆಯಲ್ಲಿ ತಂದು ಸುರಿಯುತ್ತಿದ್ದಳು. ಅವಳ ತಾಯಿ ಶಾಲೆಗೆ ಬಂದು, “ಮಕ್ಕಳ್ನ ಕಲಿಯಾಕ ಕಳಸ್ತೀವ್ರಿ ಸಾಹೇಬ್ರ, ನೀರ ಹೊರಾಕಲ್ಲ” ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆದಕಾರಣ ಮೊದಲು ನೀರಿನ ಲೆಕ್ಕವನ್ನು ಮಾಡತಕ್ಕದ್ದು. 3 ಅಡಿ ಅಗಲ, 10 ಅಡಿ ಉದ್ದದ ಒಂದು ಮಡಿಗೆ ಮಳೆಯಿಲ್ಲದ ದಿನ ಸುಮಾರು ಒಂದು ಕೊಡ, ಎಂದರೆ 12ರಿಂದ 15 ಲೀಟರು ನೀರು ಬೇಕು. 60 ಮಕ್ಕಳು ಊಟದ ಬಳಿಕ ಕೈ, ತಟ್ಟೆಗಳನ್ನು ತೊಳೆಯಲು ತಲೆಗೊಂದು ಲೀಟರು ಬಳಸಿದರೂ 60 ಲೀಟರಾಯಿತು. ಅದು ನಾಲ್ಕು ಮಡಿಗಳ ನೀರು. ಹಾಗಾದರೆ ಆ ಶಾಲೆಯ ತೋಟವು ನಾಲ್ಕೇ ಮಡಿಗಳದಾಗಿರಲಿ. ಅಂಗಳವು ವಿಶಾಲವಾಗಿದೆಯೆಂದು ಐದನೆಯದನ್ನು ಅಗೆಯಕೂಡದು. ತೊಳೆಯುವ ಸ್ಥಳದಿಂದ ಸಣ್ಣ ಕಾಲುವೆ ತೆಗೆದು, ನಡುವೆ ಜಲ್ಲಿ ತುಂಬಿದ ಕುಣಿಯೊಂದನ್ನು ಮಾಡಿದರೆ ಅನ್ನದ ಅಗುಳು ಅಲ್ಲಿಯೇ ನಿಲ್ಲುವುದು. ಸಾಬೂನಿನ ಪುಡಿಯ ನೀರನ್ನು ಬೇರೆಡೆಗೆ ಹರಿಸಬೇಕು. ಉಳಿದುದನ್ನು ಬುಡಕ್ಕೆ ಬಿಡಬೇಕಲ್ಲದೆ ಸೊಪ್ಪಿನ ಮೇಲೆ ಚೆಲ್ಲಬಾರದು. ಹಸಿಯಾಗಿ ತಿನ್ನುವ ಮೂಲಂಗಿ, ಕೊತ್ತಂಬರಿಗಳಿಗೆ ಶುದ್ಧ ನೀರೇ ಆಗಬೇಕು. ಬೋರಿನ ನೀರು ಸವಳಾಗಿದ್ದರೆ ಮಣ್ಣಿನ ಮೇಲೆ ಬಿಳಿಯ ಪದರು ಕಾಣಿಸಿಕೊಳ್ಳುವುದು. ಅಂಥಲ್ಲಿ ಹುರುಳಿಕಾಯಿ ಬೇಗನೆ ಸೊರಗುತ್ತದೆ, ಪಾಲಕವು ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ.

ಎರಡನೆಯದು ಕಾಲ. ಎರೆಸೀಮೆಯ ರೈತನು ಬಿಳಿಜೋಳ, ಕಡಲೆಗಳನ್ನು ಹಿಂಗಾರಿಗೆ ಬಿತ್ತುತ್ತಾನೆ. ಶಾಲೆಯೂ ಅವನನ್ನೇ ಅನುಸರಿಸಲಿ. ಜೂನ್, ಜುಲೈಗಳಲ್ಲಿ ಬೇಲಿ ಕಟ್ಟಿ ತಿಪ್ಪೆಯ ಗೊಬ್ಬರವನ್ನು ಮಾಗಿಸಿಕೊಂಡರೆ ಸಾಕು. ಆಗಸ್ಟಿನ ನಡುವೆ ಬದನೆಯ ಬೀಜವನ್ನು ಬುಟ್ಟಿಯಲ್ಲಿ ಹಾಕಿದರೆ ತಿಂಗಳೊಳಗೆ ಸಸಿಯಾಗುವುದು. ಸೆಪ್ಟೆಂಬರಿನ ಉತ್ತರಾ ಮಳೆಗೆ ಆ ಸಸಿಗಳನ್ನು ನೆಟ್ಟು, ಹೀರೆ, ಚವಳಿಗಳನ್ನು ಊರಬೇಕು. ಇವು ಬೇಗನೆ ಕೊಯ್ಲಿಗೆ ಬರುವವಲ್ಲವಾದ್ದರಿಂದ ದಸರೆಯ ರಜೆಯಲ್ಲಿ ಹಸ್ತಾ ಮಳೆಯೇ ಅವನ್ನು ಕಾಯುತ್ತದೆ. ರಜೆ ಮುಗಿದ ಮೇಲೆ ಮೆಂತ್ಯ, ರಾಜಗಿರಿ, ಮೂಲಂಗಿಗಳನ್ನು ಹಾಕಿರಿ. ಮೆಂತ್ಯದ ಸೊಪ್ಪು ತಿಂಗಳೊಳಗೇ ಸಾರಿಗೆ ಬರುವುದು. ಮಕ್ಕಳಿಗೆ ತಾವು ಬಿತ್ತಿದ್ದನ್ನು ತಾವೇ ಉಣ್ಣುವ ಸಂತೋಷವು ಬೇಗನೆ ದೊರೆಯಬೇಕು. ಮಾರ್ಚಿನ ಕೊನೆಗೆ ಮಡಿಗಳೆಲ್ಲ ಖಾಲಿಯಾಗಿರಲಿ.

ಮಡಿಗಳನ್ನು ನೆಲದಿಂದ ಅರ್ಧ ಅಡಿ ಎತ್ತರಿಸಿ, ಒಂದೊಂದಕ್ಕೂ ಎರಡು ಬುಟ್ಟಿ ಕಳಿತ ಗೊಬ್ಬರವನ್ನು ಬೆರೆಸಬೇಕು. ಒಲೆಯ ಬೂದಿಯನ್ನು ಸುರಿಯುವ ರೂಢಿ ಕೆಲವೆಡೆ ಇದೆ. ಎರೆಮಣ್ಣು ಮೊದಲೇ ಕ್ಷಾರಗುಣದ್ದು, ಅದಕ್ಕೆ ಬೂದಿ ಬೇಡ. ಮಳೆಯಾದ ಮರುದಿನವೇ ಮಕ್ಕಳನ್ನು ಮಡಿಯೊಳಗೆ ಇಳಿಸಬಾರದು. ಹೆಂಟೆಯು ಕೈಯಲ್ಲಿ ಒತ್ತಿದರೆ ಪುಡಿಯಾಗುವ ಹದಕ್ಕೆ ಕಾಯಬೇಕು. ಸಸಿಗಳ ಬುಡಕ್ಕೆ ಹೊಟ್ಟನ್ನು ಹರಡಿದರೆ ನೆಲ ಬಿರಿಯುವುದು ಕಡಿಮೆಯಾಗುವುದು. ಬೇಲಿಗೆ ಹತ್ತಿಕಟ್ಟಿಗೆಯು ಸುಲಭವಾಗಿ ಸಿಗುವುದಾದರೂ ಒಣಗಾಯಿಗಳಲ್ಲಿ ಗುಲಾಬಿ ಕಾಯಿಕೊರಕದ ಹುಳು ಅಡಗಿರುವುದರಿಂದ, ಅವನ್ನು ಕಿತ್ತು ಸುಟ್ಟ ಹೊರತು ಬಳಸತಕ್ಕದ್ದಲ್ಲ.

ಕಲಘಟಗಿಯ ಕಡೆಗೆ ಮುಂಗಾರಿಯೇ ಬಲವಾದುದರಿಂದ ಜೂನಿನಲ್ಲಿ ಆರಂಭಿಸಲಡ್ಡಿಯಿಲ್ಲ. ಅಲ್ಲಿ ನೀರು ಹರಿದುಹೋಗುವ ದಾರಿಯನ್ನು ನೋಡಿಕೊಂಡರಾಯಿತು.

ಕೆಲಸದ ಹಂಚಿಕೆಯ ವಿಷಯದಲ್ಲಿ ಒಂದು ಮಾತನ್ನು ಖಂಡಿತವಾಗಿ ಹೇಳಬೇಕಾಗಿದೆ. ಪಾಠ ಬಾರದ ಹುಡುಗನಿಂದ ಶಿಕ್ಷೆಯೆಂದು ಕಳೆ ಕೀಳಿಸಬಾರದು. ಗೊಬ್ಬರದ ಬುಟ್ಟಿಯೂ ನೀರಿನ ಕೊಡವೂ ಗಂಡು ಹೆಣ್ಣೆನ್ನದೆ, ಇಂಥ ಮನೆಯವರೆನ್ನದೆ, ಸರದಿಯಂತೆ ಎಲ್ಲರ ಕೈಗೂ ಬರಬೇಕು. ದಿನಕ್ಕೆ ಅರ್ಧ ತಾಸಿಗಿಂತ ಹೆಚ್ಚು ಬೇಡ. ಮಡಿಯ ಅಳತೆ, ಹಾಕಿದ ನೀರು, ಕಿತ್ತ ಸೊಪ್ಪಿನ ತೂಕ ಇವನ್ನು ಮಕ್ಕಳೇ ಬರೆದಿಟ್ಟರೆ ಗಣಿತದ ಪಾಠವೂ ಅಲ್ಲಿಯೇ ನಡೆಯುವುದು. ಆ ವಹಿಯನ್ನು ತಂದೆತಾಯಿಗಳಿಗೆ ತೋರಿಸಬಹುದು.

ಬೇಸಿಗೆಯ ರಜೆಗೆ ಉಳಿಯತಕ್ಕವು ಗಿಡಗಳು ಮಾತ್ರ. ಎರಡು ನುಗ್ಗೆ, ಒಂದು ಕರಿಬೇವು ಸಾಕು. ಇವನ್ನು ಸೆಪ್ಟೆಂಬರಿನಲ್ಲಿಯೇ ನೆಟ್ಟರೆ ಏಪ್ರಿಲಿನೊಳಗಾಗಿ ಬೇರು ಆಳಕ್ಕಿಳಿದಿರುವುದು. ತೋಟದ ಕೀಲಿಯನ್ನು ಅಡುಗೆಯ ಅಮ್ಮನವರಿಗೆ ಒಪ್ಪಿಸಿ, ವಾರಕ್ಕೆರಡು ಸಲ ನೀರು ಹಾಕಿದ್ದಕ್ಕೆ ಆ ಎರಡು ತಿಂಗಳ ನುಗ್ಗೆಯ ಸೊಪ್ಪು, ಕಾಯಿಗಳು ಅವರಿಗೇ ಸಲ್ಲುವುವೆಂದು ಮೊದಲೇ ಗೊತ್ತುಮಾಡಿಕೊಳ್ಳತಕ್ಕದ್ದು.