ಬಿಡುವಿನ ಕಾಲದಲ್ಲಿ ತಿದ್ದಿದ ಎಸೆತ

ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಿಂದಲೇ ಎಸೆದು ಆಟವನ್ನು ನಡೆಸುವವನು ಕ್ವಾರ್ಟರ್‌ಬ್ಯಾಕ್. ಬಫಲೋ ಬಿಲ್ಸ್ ತಂಡದ ಜಾಷ್ ಆಲೆನ್ನರ ಎಸೆತಗಳಲ್ಲಿ 2018ರಲ್ಲಿ ಜೊತೆಗಾರರ ಕೈಸೇರಿದವು ನೂರಕ್ಕೆ 52.8 ಮಾತ್ರ, 2020ರಲ್ಲಿ 69.2. ತೋಳಿನ ಬಲವೇನೋ ಮೊದಲೇ ಧಾರಾಳವಾಗಿತ್ತು; ಕೊರತೆಯಿದ್ದುದು ಗುರಿಯಲ್ಲಿ.

ಎಸೆತದ ಬಲವು ನೆಲವನ್ನೊತ್ತುವ ಪಾದದಿಂದ ಹೊರಟು ಸೊಂಟ, ಭುಜ, ಮೊಣಕೈಗಳನ್ನು ಹಾಯ್ದು ಬೆರಳಿಗೆ ಬರುತ್ತದೆ. ಸೊಂಟವು ಮೊದಲು ತಿರುಗಬೇಕು, ಭುಜವು ಕ್ಷಣಮಾತ್ರ ಹಿಂದುಳಿಯಬೇಕು. ಈ ಕ್ರಮ ತಪ್ಪಿತೋ, ತೋಳೊಂದೇ ದುಡಿಯಬೇಕಾಗುತ್ತದೆ. ಚೆಂಡನ್ನು ಬಿಡುವ ಗಳಿಗೆಯೂ ಒಂದೊಂದು ಎಸೆತದಲ್ಲಿ ಒಂದೊಂದು ಬಗೆಯಾಗುತ್ತದೆ. ಪಂದ್ಯಗಳ ನಡುವೆ ಇದನ್ನು ತಿದ್ದುವುದು ಕಷ್ಟ: ಎದುರಾಳಿಗಳು ಮೇಲೆರಗುವಾಗ ದೇಹವು ಹಳೆಯ ಅಭ್ಯಾಸಕ್ಕೇ ಮರಳುತ್ತದೆ. ಆದುದರಿಂದ ಆಲೆನ್ನರು ಬಿಡುವಿನ ತಿಂಗಳುಗಳಲ್ಲಿ, ಶಿಕ್ಷಕ ಜಾರ್ಡನ್ ಪಾಮರರೊಡನೆ, ಅಂಗಚಲನೆಯನ್ನು ಅಳೆಯುವ ಉಪಕರಣಗಳ ನೆರವಿನಿಂದ ಅದನ್ನು ತಿದ್ದಿಕೊಂಡರು. ಏರಿಕೆಗೆ ಇದೊಂದೇ ಕಾರಣವೆನ್ನಲಾಗದು. 2020ರಲ್ಲಿ ಚೆಂಡು ಹಿಡಿಯುವುದರಲ್ಲಿ ನಿಪುಣರಾದ ಸ್ಟೆಫಾನ್ ಡಿಗ್ಸ್ ಕೂಡ ತಂಡವನ್ನು ಸೇರಿದ್ದರು.