ಬೆಟ್ಟಕ್ಕೆ ಹೋಗದ ವರ್ಷದ ವ್ರತ

ಸ್ವಾಮಿಯೇ ಶರಣಂ ಅಯ್ಯಪ್ಪ.

ಇವತ್ತು 2020ರ ಡಿಸೆಂಬರ್ 13, ಭಾನುವಾರ. ವೃಶ್ಚಿಕ ಮಾಸದ ಮೊದಲ ದಿನ, ಅಂದರೆ ನವೆಂಬರ್ 16ರಂದು ಮಾಲೆ ಹಾಕಿದವರಿಗೆ ಇದು ವ್ರತದ 28ನೇ ದಿನ. ಬೇರೆ ವರ್ಷವಾಗಿದ್ದರೆ ಈ ಹೊತ್ತಿಗೆ ಗುಂಪಿನಲ್ಲಿ ಇರುಮುಡಿ ಕಟ್ಟುವ ದಿನ ಯಾವುದು, ರೈಲಿನಲ್ಲಿ ಯಾರ ಬರ್ತ್ ಎಲ್ಲಿ ಎನ್ನುವ ಮಾತೇ ತುಂಬಿರುತ್ತಿತ್ತು. ಈ ಸಲ ಮುಂಬೈ, ಪುಣೆ, ಚೆನ್ನೈ, ದೆಹಲಿ ಎಲ್ಲ ಕಡೆಯ ಹುಡುಗರು ಕೇಳುತ್ತಿರುವುದು ಒಂದೇ ಪ್ರಶ್ನೆ: "ಹೋಗೋದೇ ಇಲ್ಲ ಅಂದ ಮೇಲೆ ಮಾಲೆ ಯಾಕೆ? ಹಾಕಿದ ಮಾಲೆ ಈಗ ಏನು ಮಾಡೋದು?"

ನಾನು ಗುರುಸ್ವಾಮಿ ಅಲ್ಲ. ಗದಗ ಕಡೆಯವನು, ಡಿಪ್ಲೊಮಾ ಮುಗಿಸಿ ನವಿ ಮುಂಬೈನ ಐರೋಳಿಯಲ್ಲಿ ಐಟಿ ಸಪೋರ್ಟ್ ಕೆಲಸ ಮಾಡುತ್ತೇನೆ. ಇದು ನನಗೆ ಮೂರನೇ ವರ್ಷದ ಮಾಲೆ. ಈ ವಾರದ ಪಾಠ ಬರೆಯಲು ನನಗೆ ಹೇಳಿದ್ದಕ್ಕೆ ಒಂದು ಕಾರಣವಿದೆ. ಈ ವರ್ಷ ನಮ್ಮ ಗುಂಪಿನಲ್ಲಿ ದೊಡ್ಡ ತಪ್ಪು ಮಾಡಿದವನು ನಾನೇ. ಅದನ್ನೂ ಹೇಳುತ್ತೇನೆ.

ಏನು ನಿಂತಿತು, ಏನು ನಿಲ್ಲಲಿಲ್ಲ

ಮೊದಲು ಈ ವರ್ಷ ನಡೆದದ್ದನ್ನು ಕ್ರಮವಾಗಿ ನೋಡೋಣ. ಮಾರ್ಚ್ ತಿಂಗಳ ಪೂಜೆಗೇ ಭಕ್ತರು ಬರಬೇಡಿ ಎಂದು ತಿರುವಾಂಕೂರು ದೇವಸ್ವಂ ಬೋರ್ಡ್ ಕೇಳಿಕೊಂಡಿತು. ಮಾರ್ಚ್ 22ರ ಜನತಾ ಕರ್ಫ್ಯೂ ಜೊತೆಗೆ ಪ್ರಯಾಣಿಕರ ರೈಲುಗಳು ನಿಂತವು. 25ರಿಂದ ಇಡೀ ದೇಶಕ್ಕೆ ಲಾಕ್‌ಡೌನ್. ಏಪ್ರಿಲ್‌ನ ವಿಷು ದರ್ಶನವೂ ಇಲ್ಲ. ಜೂನ್‌ನಲ್ಲಿ ತೆರೆಯುವ ಮಾತು ಬಂದು, ತಂತ್ರಿಗಳ ಸಲಹೆಯಂತೆ ಅದನ್ನೂ ಕೈಬಿಟ್ಟರು. ಅಕ್ಟೋಬರ್ ತಿಂಗಳ ಪೂಜೆಗೆ ದಿನಕ್ಕೆ 250 ಜನರನ್ನು ಬಿಟ್ಟರು. ನವೆಂಬರ್ 16ಕ್ಕೆ ಮಂಡಲ ಕಾಲ ಶುರುವಾದಾಗ ವಾರದ ದಿನಗಳಲ್ಲಿ 1,000 ಜನ, ಶನಿವಾರ ಭಾನುವಾರ 2,000 ಜನ, ಅಷ್ಟೇ. ಆನ್‌ಲೈನ್ ಬುಕಿಂಗ್ ಇರಬೇಕು, ಕೊರೊನಾ ಇಲ್ಲ ಎಂಬ ಸರ್ಟಿಫಿಕೇಟ್ ಇರಬೇಕು. ಪಂಪೆಯಲ್ಲಿ ಮುಳುಗುವಂತಿಲ್ಲ, ಷವರ್ ಕೆಳಗೆ ಸ್ನಾನ. ಸನ್ನಿಧಾನದಲ್ಲಿ ತಂಗುವಂತಿಲ್ಲ. ಹತ್ತು ವರ್ಷದೊಳಗಿನ ಮಕ್ಕಳಿಗೂ ಅರವತ್ತೈದು ದಾಟಿದವರಿಗೂ ಪ್ರವೇಶವಿಲ್ಲ.

ಇಷ್ಟೆಲ್ಲ ನಿಂತರೂ ಒಂದು ನಿಲ್ಲಲಿಲ್ಲ. ಭಕ್ತರೇ ಇಲ್ಲದ ಆ ತಿಂಗಳುಗಳಲ್ಲೂ ನಡೆ ತೆರೆದು, ತಂತ್ರಿಗಳೂ ಮೇಲ್ಶಾಂತಿಗಳೂ ಪೂಜೆ ಮಾಡಿ, ನಡೆ ಮುಚ್ಚಿದರು. ಹಿಂದೆಯೂ ಹೀಗೆ ಕಷ್ಟ ಬಂದದ್ದಿದೆ. 1950ರಲ್ಲಿ ದೇವಸ್ಥಾನಕ್ಕೆ ಬೆಂಕಿ ಬಿತ್ತು. ಮತ್ತೆ ಕಟ್ಟಿದರು. ಈಗ ನಾವು ನೋಡುವ ಪಂಚಲೋಹದ ವಿಗ್ರಹ ಆಮೇಲೆ ಪ್ರತಿಷ್ಠೆಯಾದದ್ದು. 2018ರ ಆಗಸ್ಟ್‌ನಲ್ಲಿ ಪಂಪೆ ಉಕ್ಕಿ ತ್ರಿವೇಣಿಯ ಕಟ್ಟಡಗಳೇ ಹಾಳಾದವು. ಆಗಲೂ ಭಕ್ತರು ಬರಬೇಡಿ ಎಂದರು. ದಾರಿ ಮುಚ್ಚಿದ ವರ್ಷ ಇದೇ ಮೊದಲಲ್ಲ. ನಮ್ಮ ಕಾಲಕ್ಕೆ ಬಂದಿದೆ, ಅಷ್ಟೇ.

ನಾನು ಮಾಡಿದ ತಪ್ಪು

ನಮ್ಮ ಗುರುಸ್ವಾಮಿ ಮೂಲತಃ ಕಾರ್ಕಳದವರು, ಡೊಂಬಿವಲಿಯಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿದ್ದಾರೆ. ವಯಸ್ಸು 68. ಹೋದ ವರ್ಷಕ್ಕೆ ಹದಿನೇಳು ಯಾತ್ರೆ ಮುಗಿಸಿದ್ದರು. ಹದಿನೆಂಟನೇ ವರ್ಷ ಹೋಗುವವರು ತೆಂಗಿನ ಸಸಿ ಹೊತ್ತುಕೊಂಡು ಹೋಗಿ ಸನ್ನಿಧಾನದಲ್ಲಿ ಅರ್ಪಿಸುವ ಸಂಪ್ರದಾಯ ನಿಮಗೆ ಗೊತ್ತು. ಅವರು ಜನವರಿಯಲ್ಲೇ ಒಂದು ಕಾಯಿ ಮೊಳಕೆಗೆ ಇಟ್ಟಿದ್ದರು. ಲಾಕ್‌ಡೌನ್ ಇಡೀ ಅದು ಅವರ ಗ್ಯಾಲರಿಯಲ್ಲಿ, ಹಳೇ ಪೇಂಟ್ ಬಕೆಟ್‌ನಲ್ಲಿ ಬೆಳೆಯಿತು. ಅಂಗಡಿ ಮುಚ್ಚಿತ್ತು, ಸಂಪಾದನೆ ಇರಲಿಲ್ಲ. ಆದರೂ ಫೋನ್ ಮಾಡಿದಾಗಲೆಲ್ಲ ಮೊದಲು ಹೇಳುತ್ತಿದ್ದದ್ದು ಸಸಿಯ ಸುದ್ದಿ. "ಎರಡು ಗರಿ ಬಂತು ಸ್ವಾಮಿ." "ಮೂರನೇದು ಬಿಚ್ಚಿತು."

ನವೆಂಬರ್ ಮೊದಲ ವಾರ ನಿಯಮಗಳು ಗೊತ್ತಾದವು. 68 ವರ್ಷದವರಿಗೆ ಅವಕಾಶವಿಲ್ಲ. ಗುಂಪಿನಲ್ಲಿ ಯಾರೋ ಕೇಳಿದರು, "ಆಧಾರ್‌ನಲ್ಲಿ ಹುಟ್ಟಿದ ಇಸವಿ ಒಂದು ಅಂಕಿ ಬದಲಾದರೆ ಯಾರಿಗೆ ಗೊತ್ತಾಗುತ್ತೆ? ನೀವು ಕಂಪ್ಯೂಟರ್‌ನವರಲ್ಲವಾ?" ನಾನು ಮಾಡಿದೆ. ಹತ್ತು ನಿಮಿಷವೂ ಆಗಲಿಲ್ಲ. ಮಾಡುವಾಗ ತಪ್ಪು ಎಂದು ಅನ್ನಿಸಲೂ ಇಲ್ಲ. ಅವರ ಹದಿನೆಂಟನೇ ವರ್ಷ ಉಳಿಸುತ್ತಿದ್ದೇನೆ, ಇದು ಸೇವೆ ಎಂದೇ ಅಂದುಕೊಂಡಿದ್ದೆ.

ಲೋಕಲ್ ರೈಲು ನಮ್ಮಂಥವರಿಗೆ ಇನ್ನೂ ಬಿಟ್ಟಿಲ್ಲ. ಬೈಕಿನಲ್ಲಿ ಡೊಂಬಿವಲಿಗೆ ಹೋಗಿ ಮೊಬೈಲ್‌ನಲ್ಲಿ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ಸಿಟ್ಟು ಮಾಡಲಿಲ್ಲ.

"ಇದರಲ್ಲಿ ಇರುವವ ನಾನಲ್ಲ ಸ್ವಾಮಿ. ಇವ ನನಗಿಂತ ಹತ್ತು ವರ್ಷ ಸಣ್ಣವ. ಇವ ಹದಿನೇಳು ಸಲ ಬೆಟ್ಟ ಹತ್ತಿದವ ಅಲ್ಲ. ಇವನನ್ನು ಕಳಿಸಿದರೆ ನನ್ನ ಸಸಿ ಯಾರು ಹೊರುವುದು?"

ನನಗೆ ಉತ್ತರ ಹೊಳೆಯಲಿಲ್ಲ. ಅವರ ಮುಂದೆಯೇ ಫೈಲ್ ಅಳಿಸಿದೆ. ಆಮೇಲೆ ಚಹಾ ಕೊಟ್ಟು, ಹದಿನೆಂಟು ಮೆಟ್ಟಿಲುಗಳ ಲೆಕ್ಕ ಹೇಳು ಎಂದರು. ನಾವೆಲ್ಲ ಬಾಯಿಪಾಠ ಮಾಡಿದ ಲೆಕ್ಕವೇ ಅದು. ಐದು ಇಂದ್ರಿಯಗಳು. ಆಮೇಲೆ ಕಾಮ, ಕ್ರೋಧ, ಲೋಭ, ಮೋಹ, ಮದ, ಮಾತ್ಸರ್ಯ, ಅಸೂಯೆ, ಡಂಭ ಎಂಬ ಎಂಟು. ಸತ್ವ, ರಜಸ್ಸು, ತಮಸ್ಸು ಮೂರು. ವಿದ್ಯೆ, ಅವಿದ್ಯೆ ಎರಡು.

"ಲೋಭ ಅಂದರೆ ದುಡ್ಡಿನದ್ದು ಮಾತ್ರ ಅಂತ ತಿಳಿಯಬೇಡಿ. ಹೇಗಾದರೂ ಸರಿ, ಈ ವರ್ಷವೇ ದರ್ಶನ ಆಗಬೇಕು ಅನ್ನುವುದೂ ಲೋಭವೇ. ನಾನು ಸುಳ್ಳು ಕಾಗದ ಹಿಡಿದುಕೊಂಡು ಹೋದರೆ ಮೆಟ್ಟಿಲು ಹತ್ತಬಹುದು. ಆದರೆ ಆ ಮೆಟ್ಟಿಲು ನನ್ನ ಕೆಳಗೆ ಹೋಗುವುದಿಲ್ಲ."

ಇನ್ನೊಂದು ಮಾತೂ ಹೇಳಿದರು. ವಯಸ್ಸಿನ ನಿಯಮ ಮಾಡಿರುವುದು ಅಯ್ಯಪ್ಪನಿಂದ ನಮ್ಮನ್ನು ದೂರ ಇಡಲು ಅಲ್ಲ. ಪಂಪೆಯಿಂದ ಸನ್ನಿಧಾನದವರೆಗಿನ ಏರಿನಲ್ಲಿ ವಯಸ್ಸಾದವರೊಬ್ಬರು ಕುಸಿದರೆ ಡೋಲಿ ಹೊರುವವರು, ಆಸ್ಪತ್ರೆಯ ನರ್ಸ್, ಪೊಲೀಸರು ಎಲ್ಲರೂ ಅವರನ್ನು ಮುಟ್ಟಬೇಕಾಗುತ್ತದೆ. ಅವರ ಮನೆಗಳಲ್ಲೂ ಮುದುಕರಿದ್ದಾರೆ, ಮಕ್ಕಳಿದ್ದಾರೆ. ನಮ್ಮ ಪುಣ್ಯದ ಖರ್ಚು ಅವರ ತಲೆಯ ಮೇಲೆ ಹಾಕುವುದು ಯಾವ ವ್ರತ?

ಅವತ್ತೇ ತೀರ್ಮಾನವಾಯಿತು. ಈ ವರ್ಷ ನಮ್ಮ ಗುಂಪಿನಿಂದ ಯಾರೂ ಹೋಗುವುದಿಲ್ಲ. ಆದರೆ ಎಲ್ಲರೂ ಮಾಲೆ ಹಾಕುತ್ತೇವೆ. ಮೊದಲು ಗುರುಸ್ವಾಮಿಯೇ ಹಾಕಿಕೊಂಡರು.

ಆ ಬೆಟ್ಟದಲ್ಲಿ ಕಾಯುವವರು

ಈಗ ಪಾಠದ ಮುಖ್ಯ ಭಾಗ. ನಾವು ಹೋಗುವ ಬೆಟ್ಟದ ಹೆಸರೇನು? ಶಬರಿಮಲೆ, ಶಬರಿಯ ಬೆಟ್ಟ. ಶಬರಿ ಯಾವ ಯಾತ್ರೆಗೂ ಹೋದವಳಲ್ಲ. ರಾಮ ಬರುತ್ತಾನೆ, ಇಲ್ಲೇ ಇರು ಎಂದು ಗುರು ಮತಂಗ ಮುನಿಗಳು ಹೇಳಿಹೋದರು, ಅವಳು ಇದ್ದಳು. ಯಾವ ತಿಂಗಳು, ಯಾವ ವರ್ಷ ಎಂದು ಅವರು ಹೇಳಿರಲಿಲ್ಲ. ಅವಳು ದಿನಾ ಆಶ್ರಮ ಗುಡಿಸಿದಳು, ದಿನಾ ಹಣ್ಣು ಆರಿಸಿ ತಂದಳು. ರಾಮ ಬಂದದ್ದು ಒಂದು ದಿನ. ಉಳಿದ ದಿನಗಳೆಲ್ಲ ಬರೀ ಗುಡಿಸಿದ್ದು, ಆರಿಸಿದ್ದು. ಆ ದಿನಗಳೇ ಅವಳ ವ್ರತ.

ನಮ್ಮ ಕಡೆ, ಆನೆಗುಂದಿ ಹತ್ತಿರದ ಪಂಪಾಸರೋವರದ ಬಳಿಯೂ ಶಬರಿಯ ಗುಹೆ ಎಂದು ತೋರಿಸುತ್ತಾರೆ. ಚಿಕ್ಕವನಿದ್ದಾಗ ಮನೆಯವರ ಜೊತೆ ನೋಡಿದ್ದೆ. ಅವಳು ಕಾದದ್ದು ಇಲ್ಲಿಯೋ, ಕೇರಳದ ಪಂಪೆಯ ದಡದಲ್ಲೋ ಎಂದು ವಾದ ಮಾಡುವವರಿದ್ದಾರೆ. ನನಗೆ ಈಗ ಅನ್ನಿಸುವುದು, ಎಲ್ಲಿದ್ದೇವೋ ಅಲ್ಲೇ ಕಾಯುವವರಿಗೆ ಆ ವಾದ ಬೇಕಾಗಿಲ್ಲ.

ಅದೇ ಬೆಟ್ಟದಲ್ಲಿ ಕಾಯುವ ಇನ್ನೊಬ್ಬರು ಮಾಳಿಗಪ್ಪುರತ್ತಮ್ಮ. ಕನ್ನಿಸ್ವಾಮಿಗಳು ಬರದ ವರ್ಷ ನಿನ್ನನ್ನು ಮದುವೆಯಾಗುತ್ತೇನೆ ಎಂದು ಅಯ್ಯಪ್ಪ ಮಾತು ಕೊಟ್ಟ ಕತೆ ಗೊತ್ತಲ್ಲ. ವರ್ಷಕ್ಕೊಮ್ಮೆ ಅಮ್ಮನ ಮೆರವಣಿಗೆ ಶರಂಕುತ್ತಿಯವರೆಗೆ ಬರುತ್ತದೆ, ಕನ್ನಿಸ್ವಾಮಿಗಳು ನೆಟ್ಟ ಬಾಣಗಳನ್ನು ನೋಡಿ ಹಿಂತಿರುಗುತ್ತದೆ. ನಾವು ಒಂದು ವರ್ಷ ಹೋಗದಿದ್ದಕ್ಕೆ ಇಷ್ಟು ಸಂಕಟಪಡುತ್ತಿದ್ದೇವೆ. ಆ ತಾಯಿ ಪ್ರತಿ ವರ್ಷವೂ ಬಂದು ನೋಡಿ ಹೋಗುತ್ತಾಳೆ.

ಕೋಣೆಯೊಳಗಿನ ವ್ರತ

ಕೇಳಲು ಚೆನ್ನಾಗಿದೆ, ಬದುಕುವುದು ಕಷ್ಟ ಎಂದು ನೀವು ಹೇಳಬಹುದು. ನಿಜ. ನಾವು ಒಂದು ಖೋಲಿಯಲ್ಲಿ ನಾಲ್ವರಿದ್ದೇವೆ. ಮಾರ್ಚ್‌ನಲ್ಲಿ ಎಲ್ಲರಿಗೂ ಮನೆಯಿಂದ ಕೆಲಸ ಎಂದಾದಾಗ ಹಗಲು ರಾತ್ರಿ ಲ್ಯಾಪ್‌ಟಾಪ್ ಸಿದ್ಧಮಾಡಿ ಕಳಿಸಿದೆವು. ಆಮೇಲೆ ನಾನೂ ಖೋಲಿಯಿಂದಲೇ ಕೆಲಸ ಮಾಡಿದೆ. ಒಬ್ಬನಿಗೆ ರಾತ್ರಿ ಪಾಳಿ, ಒಬ್ಬನಿಗೆ ಕೆಲಸವೇ ಹೋಗಿತ್ತು. ಏಪ್ರಿಲ್‌ನಲ್ಲಿ ಊರಿಗೆ ಹೋಗಲು ತೆಗೆಸಿದ್ದ ಟಿಕೆಟ್ ರದ್ದಾಯಿತು. ದುಡ್ಡು ವಾಪಸ್ ಬಂತು, ಆದರೆ ಅವ್ವನನ್ನು ನೋಡಲಾಗಲಿಲ್ಲ. ಒಂದು ರಾತ್ರಿ ತೊಳೆಯದ ಪಾತ್ರೆಯ ವಿಷಯಕ್ಕೆ ಜೊತೆಗಿದ್ದ ಹುಡುಗನ ಮೇಲೆ ಎಷ್ಟು ಕೂಗಾಡಿದೆ ಎಂದರೆ ಅವನು ಹಾಸಿಗೆ ಎತ್ತಿಕೊಂಡು ಟೆರೇಸ್ ಮೇಲೆ ಹೋಗಿ ಮಲಗಿದ. ಅದೇ ಹುಡುಗ ಈ ವರ್ಷ ನಮ್ಮ ಕನ್ನಿಸ್ವಾಮಿ.

ಮಾಲೆ ಹಾಕಿದ ಮೇಲೆ ಅವನನ್ನು "ಸ್ವಾಮಿ" ಎಂದೇ ಕರೆಯಬೇಕು. "ಸ್ವಾಮಿ, ಪಾತ್ರೆ ತೊಳೆದಿಲ್ಲ" ಎಂದು ಕೂಗಾಡಲು ಬಾಯಿ ಬರುವುದಿಲ್ಲ, ಪ್ರಯತ್ನ ಮಾಡಿ ನೋಡಿ. ಬೆಟ್ಟದಲ್ಲಿ ಎರಡು ದಿನ ಸಾವಿರಾರು ಅಪರಿಚಿತರನ್ನು ಸ್ವಾಮಿ ಎನ್ನುವುದು ಸುಲಭ. ಒಂದೇ ಖೋಲಿಯಲ್ಲಿ ಇರುವವನನ್ನು 41 ದಿನ ಹಾಗೆ ಕರೆಯುವುದೇ ನನಗೆ ಈ ವರ್ಷದ ಏರು.

ನಮ್ಮ ಗುಂಪು ಮಾಡಿಕೊಂಡ ವ್ಯವಸ್ಥೆ ಇಲ್ಲಿದೆ. ನಿಮಗೆ ಹೊಂದುವುದನ್ನು ತೆಗೆದುಕೊಳ್ಳಿ.

1. ಸ್ನಾನ, ಪೂಜೆಗೆ ಸಮಯ ಕಟ್ಟಿಕೊಳ್ಳಿ. ನಮ್ಮಲ್ಲಿ ನೀರು ಬರುವುದು ಬೆಳಿಗ್ಗೆ ಐದಕ್ಕೆ. ಐದರಿಂದ ಆರರೊಳಗೆ ನಾಲ್ವರ ಸ್ನಾನ, ಒಂದು ದೀಪ, ಶರಣು ಘೋಷ. ಮನೆಯಿಂದಲೇ ಕೆಲಸ ಎಂದು ಎದ್ದ ಹಾಸಿಗೆಯಲ್ಲೇ ಲಾಗಿನ್ ಆಗುವ ಅಭ್ಯಾಸ ಇದರಿಂದ ತಪ್ಪಿತು.

2. ಭಜನೆ ವಿಡಿಯೊ ಕಾಲ್‌ನಲ್ಲಿ ಮಾಡುವವರಿಗೆ ನನ್ನ ಕೆಲಸದ ಅನುಭವದ ಮಾತು. ಎಲ್ಲರೂ ಮೈಕ್ ಆನ್ ಇಟ್ಟು ಶರಣು ಕೂಗಿದರೆ ಒಬ್ಬರದ್ದು ಇನ್ನೊಬ್ಬರಿಗೆ ತಡವಾಗಿ ತಲುಪಿ ಬರೀ ಗದ್ದಲವಾಗುತ್ತದೆ. ಹೇಳಿಕೊಡುವವರು ಒಬ್ಬರು ಮಾತ್ರ ಆನ್ ಇಡಿ. ಉಳಿದವರು ಮ್ಯೂಟ್ ಮಾಡಿ ತಮ್ಮ ಮನೆಯಲ್ಲೇ ಗಟ್ಟಿಯಾಗಿ ಹೇಳಿ. ಗುರುಸ್ವಾಮಿಗೆ ನಮ್ಮ ಧ್ವನಿ ಕೇಳುವುದಿಲ್ಲ. "ಪರವಾಗಿಲ್ಲ, ಕೇಳಬೇಕಾದವನಿಗೆ ಮ್ಯೂಟ್ ಇಲ್ಲ" ಎನ್ನುತ್ತಾರೆ.

3. ಅನ್ನದಾನ ನಿಲ್ಲಿಸಬೇಡಿ. ಪಂಕ್ತಿ ಹಾಕಿ ಬಡಿಸುವಂತಿಲ್ಲ. ನಾವು ಯಾತ್ರೆಗೆ ತೆಗೆದಿಟ್ಟ ಹಣದಲ್ಲಿ ಅರ್ಧದಿಂದ ಅಕ್ಕಿ, ಬೇಳೆ, ಎಣ್ಣೆ ತಂದು ಕಟ್ಟಡದ ವಾಚ್‌ಮನ್‌ಗಳಿಗೂ, ಕೆಲಸ ಹೋದ ಎರಡು ಮನೆಗಳಿಗೂ ಕೊಟ್ಟೆವು. ಉಳಿದರ್ಧ ಮುಂದಿನ ಯಾತ್ರೆಗೆ.

4. ಪ್ರಸಾದ ಬೇಕೆನ್ನುವವರಿಗೆ ಈ ವರ್ಷ ಅಂಚೆ ಇಲಾಖೆ ದಾರಿ ಮಾಡಿದೆ. ಅಂಚೆ ಕಚೇರಿಯಲ್ಲಿ 450 ರೂಪಾಯಿ ಕಟ್ಟಿದರೆ ಅರವಣ, ತುಪ್ಪ, ವಿಭೂತಿ, ಕುಂಕುಮ ಇರುವ ಸ್ವಾಮಿ ಪ್ರಸಾದ ಸ್ಪೀಡ್ ಪೋಸ್ಟ್‌ನಲ್ಲಿ ಮನೆಗೆ ಬರುತ್ತದೆ.

5. ಮನಸ್ಸು ತೀರ ಕುಗ್ಗಿದರೆ ವ್ರತದಲ್ಲಿದ್ದೇನೆ ಎಂದು ಅದುಮಿಟ್ಟುಕೊಳ್ಳಬೇಡಿ. ಯಾರಾದರೂ ಒಬ್ಬ ಸ್ವಾಮಿಗೆ ಫೋನ್ ಮಾಡಿ. ಜ್ವರ, ಕೆಮ್ಮು ಬಂದರೆ ತಣ್ಣೀರು ಸ್ನಾನ, ಉಪವಾಸ ಎಂದು ಹಟ ಮಾಡದೆ ಟೆಸ್ಟ್ ಮಾಡಿಸಿ.

ಹಾಕಿದ ಮಾಲೆ ಏನು ಮಾಡೋದು?

ಅವ್ವ ಫೋನಿನಲ್ಲಿ ಕೇಳಿದ್ದೂ ಇದನ್ನೇ. "ಮಾಲಿ ಹಾಕ್ಕೊಂಡಿ, ಗುಡ್ಡಕ್ಕ ಹೋಗಂಗಿಲ್ಲ ಅಂತಿ. ಹಂಗಾರ ತಗಿಯೋದು ಹೆಂಗಪಾ?"

ನಮ್ಮ ಗುರುಸ್ವಾಮಿ ಹೇಳಿದ ಕ್ರಮ ಇದು. ಬೇಸರದಿಂದ ನಡುವೆ ಬಿಚ್ಚಿಡಬೇಡಿ. 41 ದಿನ ಪೂರೈಸಿ. ಡಿಸೆಂಬರ್ 26 ಮಂಡಲ ಪೂಜೆ. ಅವತ್ತು ಮನೆಯಲ್ಲೇ ತೆಂಗಿನಕಾಯಿಗೆ ತುಪ್ಪ ತುಂಬಿ, ನಿಮ್ಮೂರಿನ ಅಯ್ಯಪ್ಪ ದೇವಸ್ಥಾನಕ್ಕೆ ಒಪ್ಪಿಸಿ, ಅಲ್ಲಿಯೇ ಮಾಲೆ ತೆಗೆಸಿಕೊಳ್ಳಿ. ಮುಂಬೈನವರಿಗೆ ಪವಾಯಿ, ಚೆನ್ನೈನವರಿಗೆ ಮಹಾಲಿಂಗಪುರಂ, ಹೈದರಾಬಾದಿನವರಿಗೆ ಸೋಮಾಜಿಗುಡ, ದೆಹಲಿಯವರಿಗೆ ಆರ್.ಕೆ.ಪುರಂ ಇದೆ. ಹೋಗುವ ಮೊದಲು ಅಲ್ಲಿ ಈಗಿನ ನಿಯಮ ಏನೆಂದು ಫೋನ್ ಮಾಡಿ ಕೇಳಿಕೊಳ್ಳಿ. ನಿಮ್ಮ ಗುರುಸ್ವಾಮಿ ಬೇರೆ ಕ್ರಮ ಹೇಳಿದರೆ ಅದನ್ನೇ ಅನುಸರಿಸಿ.

ತುಪ್ಪದ ಕಾಯಿಯ ಅರ್ಥ ನೆನಪಿರಲಿ. ಕಾಯಿ ದೇಹ, ತುಪ್ಪ ಜೀವ. ಅಭಿಷೇಕಕ್ಕೆ ಸಲ್ಲುವುದು ತುಪ್ಪ, ಬೆಂಕಿಗೆ ಬೀಳುವುದು ಚಿಪ್ಪು. ಈ ವರ್ಷ ಬೆಟ್ಟಕ್ಕೆ ಹೋದವರ ತುಪ್ಪವನ್ನೂ ಕೌಂಟರ್‌ನಲ್ಲೇ ತೆಗೆದುಕೊಳ್ಳುತ್ತಿದ್ದಾರೆ.

ನಮ್ಮ ಕನ್ನಿಸ್ವಾಮಿಗೆ ಮಾತ್ರ ಇನ್ನೂ ಬೇಸರವಿದೆ. ನಾನು ಕನ್ನಿಯಾಗಿಯೇ ಉಳಿದೆನಲ್ಲ ಎನ್ನುತ್ತಾನೆ. ಅವನಿಗೆ ನಾನು ಸಮಾಧಾನ ಹೇಳಲು ಹೋಗಿಲ್ಲ. ಮೊನ್ನೆ ಭಾನುವಾರ ಬೈಕಿನ ಹಿಂದೆ ಕೂರಿಸಿಕೊಂಡು ಡೊಂಬಿವಲಿಗೆ ಕರೆದುಕೊಂಡು ಹೋದೆ. ಗುರುಸ್ವಾಮಿ ಬಾಗಿಲಲ್ಲೇ ನಿಂತು ಮಾತಾಡಿಸಿ, ಪೇಂಟ್ ಬಕೆಟ್ ಹೊರಗೆ ತಂದಿಟ್ಟರು. ಬೇರು ತುಂಬಿ ಬಕೆಟ್ ಬದಿ ಸೀಳಿತ್ತು. ದೊಡ್ಡ ಡಬ್ಬಿಗೆ ಬದಲಾಯಿಸಬೇಕಿತ್ತು. ಅವನ ಕೈಯಿಂದಲೇ ಮಾಡಿಸಿದರು.

"ಮುಂದಿನ ಸಲ ಇದು ಹೊರಲಿಕ್ಕೆ ಭಾರ ಆಗ್ತದೆ ಸ್ವಾಮಿ. ನೀವೂ ಒಂದು ಕೈ ಹಿಡಿಯಬೇಕು" ಎಂದರು.

ಈ ವಾರ ಯೋಚಿಸಲು

1. ಬೆಟ್ಟಕ್ಕೆ ಹೋಗಲೇಬೇಕು ಎನ್ನುವ ನಮ್ಮ ಆಸೆಯಲ್ಲಿ ಭಕ್ತಿ ಎಷ್ಟು, ಹಟ ಎಷ್ಟು?
2. ಶಬರಿ ದಿನಾ ಮಾಡುತ್ತಿದ್ದ ಕೆಲಸಕ್ಕೆ ಸಮನಾಗಿ ನಿಮ್ಮ ಮನೆಯಲ್ಲಿ ನೀವು ದಿನಾ ಮಾಡಬಹುದಾದ ಒಂದು ಕೆಲಸ ಯಾವುದು?
3. ಲಾಕ್‌ಡೌನ್‌ನಲ್ಲಿ ನೀವು ಕೂಗಾಡಿದ ಒಬ್ಬರನ್ನು ನೆನಪಿಸಿಕೊಳ್ಳಿ. ಮಾಲೆ ತೆಗೆಯುವ ಮೊದಲು ಅವರ ಹತ್ತಿರ ಮಾತಾಡಿ.

ತಪ್ಪಿದ್ದರೆ ಹಿರಿಯ ಸ್ವಾಮಿಗಳು ತಿದ್ದಬೇಕು.

ಸ್ವಾಮಿಯೇ ಶರಣಂ ಅಯ್ಯಪ್ಪ.